ದಿನಚರಿಯ ಜಾಡು

ಬೆಳಗಿನ ವಾರ್ತೆ ಮುಗಿಯುವ ಹೊತ್ತಿಗೆ ಬೀದರಿನ ಒಂದು ಮನೆಯಲ್ಲಿ ಏನೇನು ನಡೆದಿರುತ್ತದೆಂಬುದನ್ನು ವಾಚಕರು ಬಲ್ಲರು. ಚಹಾ ಒಲೆಯಿಂದ ಇಳಿದಿರುತ್ತದೆ. ಮಕ್ಕಳ ಡಬ್ಬಿಗೆ ರೊಟ್ಟಿ, ಪಲ್ಲೆ ಸೇರಿರುತ್ತವೆ. ಯಜಮಾನರು ಹೊರಡುವ ಸಡಗರದಲ್ಲಿ ಕನ್ನಡಕ ಹುಡುಕುತ್ತಿರುತ್ತಾರೆ. ಎಂದಾದರೂ ಒಂದು ದಿನ ವಿದ್ಯುತ್ತು ಹೋಗಿ ರೇಡಿಯೋ ಮೌನವಾಗಿದ್ದರೆ ಮನೆಯ ಕೆಲಸಗಳೆಲ್ಲ ಹತ್ತು ನಿಮಿಷ ಹಿಂದೆ ಬೀಳುವುದೂ ಉಂಟು. ಇಂಥ ಮನೆಯವರನ್ನು ಕಂಡು, “ನಿನ್ನೆ ಎಲ್ಲೆಲ್ಲಿ ಓಡಾಡಿದಿರಿ?” ಎಂದು ಕೇಳಿ ನೋಡಿ. “ಮತ್ತೆಲ್ಲಿಗೆ ಹೋಗೋದ್ರಿ, ದಿನದಂಗ” ಎಂಬುದೇ ಉತ್ತರ.

ದಿನದ ಹಾಗೆ ಎಂಬ ಈ ಮಾತು ಎಷ್ಟರ ಮಟ್ಟಿಗೆ ನಿಜ? ನಮ್ಮ ಒಂದು ದಿನ ಇನ್ನೊಂದು ದಿನವನ್ನು ನಿಜವಾಗಿಯೂ ಹೋಲುತ್ತದೆಯೆ? ಇದು ಹೊತ್ತು ಹೋಗದವರು ಕೇಳುವ ಪ್ರಶ್ನೆಯಂತೆ ತೋರಬಹುದು. ಆದರೆ ಬಸ್ಸಿನ ವೇಳಾಪಟ್ಟಿ, ಶಾಲೆಯ ಗಂಟೆ, ಆಸ್ಪತ್ರೆಯ ಚೀಟಿ ಕೊಡುವ ಹೊತ್ತು, ನಲ್ಲಿಗೆ ನೀರು ಬಿಡುವ ಹೊತ್ತು, ಇವೆಲ್ಲವೂ ಜನರ ದಿನ ಹೀಗಿರುತ್ತದೆ ಎಂಬ ಒಂದು ಊಹೆಯ ಮೇಲೆಯೇ ನಿಂತಿವೆ. ಊಹೆ ತಪ್ಪಿದರೆ ಯಾರೋ ಒಬ್ಬರು ಬಸ್‌ ನಿಲ್ದಾಣದಲ್ಲಿ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮನುಷ್ಯನ ಓಡಾಟ ಬಹಳ ಮಟ್ಟಿಗೆ ಪುನರಾವರ್ತನೆ ಎಂಬುದರಲ್ಲಿ ಸಂಶಯವಿಲ್ಲ. ೨೦೧೦ರಲ್ಲಿ ಬಾರಾಬಾಶಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಮೊಬೈಲ್ ಫೋನು ಬಳಸುವ ೫೦,೦೦೦ ಜನರ ಮೂರು ತಿಂಗಳ ದಾಖಲೆಯನ್ನು ಪರಿಶೀಲಿಸಿದರು. ಯಾವ ಫೋನು ಯಾವ ಗಂಟೆಯಲ್ಲಿ ಯಾವ ಗೋಪುರದ ವ್ಯಾಪ್ತಿಯಲ್ಲಿತ್ತು ಎಂಬುದಷ್ಟೇ ಅವರಿಗೆ ದೊರೆತ ಸಾಮಗ್ರಿ, ಹೆಸರುಗಳಿರಲಿಲ್ಲ. ಒಬ್ಬನ ಹಿಂದಿನ ಓಡಾಟವನ್ನು ಬಲ್ಲವರು ಅವನು ಮುಂದೆ ಎಲ್ಲಿರುವನೆಂಬುದನ್ನು, ಅತ್ಯುತ್ತಮ ಲೆಕ್ಕದಿಂದ, ಸರಾಸರಿ ನೂರಕ್ಕೆ ೯೩ರಷ್ಟು ಸರಿಯಾಗಿ ಹೇಳಬಹುದೆಂದು ಅವರು ತೋರಿಸಿದರು. ದೂರದೂರ ಓಡಾಡುವವರಿಗೂ, ಓಣಿ ಬಿಟ್ಟು ಹೋಗದವರಿಗೂ ಈ ಸಂಖ್ಯೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ನಾವು ಸ್ವಚ್ಛಂದರೆಂದು ಭಾವಿಸಿರುವ ನಮ್ಮ ಕಾಲುಗಳಿಗೆ ದಾರಿ ಗೊತ್ತಾಗಿಹೋಗಿದೆ ಎಂದಾಯಿತು.

ಆದರೆ ಈ ಲೆಕ್ಕದೊಳಗೆ ಒಂದು ಸಂಗತಿ ಅಡಗಿದೆ. ಒಂದು ಗೋಪುರದ ವ್ಯಾಪ್ತಿ ಕೆಲವು ಚದರ ಕಿಲೋಮೀಟರುಗಳಷ್ಟು ಇರಬಹುದು. ಬೀದರಿನ ಹಳೆಯ ಊರಿನಲ್ಲಿ ಒಬ್ಬ ಗೃಹಿಣಿ ಮಂಗಲಪೇಟೆಯ ಮನೆಯಿಂದ ಮಗುವನ್ನು ಶಾಲೆಗೆ ಬಿಟ್ಟು, ಪಡಿತರದ ಅಂಗಡಿಗೆ ಹೋಗಿ, ಉಸ್ಮಾನಗಂಜಿನಲ್ಲಿ ಕಾಯಿಪಲ್ಲೆ ಕೊಂಡು, ತವರಿನವರನ್ನು ಮಾತಾಡಿಸಿ ಹಿಂದಿರುಗಿದರೂ ಗೋಪುರದ ಲೆಕ್ಕದಲ್ಲಿ ಆಕೆ ಬಹುಶಃ ಇದ್ದಲ್ಲೇ ಇರುವಳು. ಸಣ್ಣ ಸಣ್ಣ ಓಡಾಟಗಳನ್ನು ಹೆಚ್ಚಾಗಿ ಮಾಡುವವರು ದೊಡ್ಡ ಲೆಕ್ಕದಲ್ಲಿ ನಿಶ್ಚಲರಾಗಿ ಕಾಣುತ್ತಾರೆ. ಇದನ್ನು ನಾವು ಮುಂದೆಯೂ ನೆನಪಿಡಬೇಕು.

ಇನ್ನೊಂದು ಬಗೆಯ ಪರಿಶೀಲನೆ ಇದಕ್ಕಿಂತ ಬಹಳ ಹಿಂದೆಯೇ ನಡೆಯಿತು. ೧೯೭೧ರಲ್ಲಿ ಸ್ವೀಡನ್ ದೇಶದ ಉಪ್ಸಾಲಾ ನಗರದಲ್ಲಿ ಕೆಲವು ಮನೆಗಳವರು ಐದು ವಾರಗಳ ಕಾಲ ತಮ್ಮ ಪ್ರತಿಯೊಂದು ಓಡಾಟವನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಸೂಸನ್ ಹ್ಯಾನ್ಸನ್ ಮತ್ತು ಜೇಮ್ಸ್ ಹಫ್ ಎಂಬ ಭೂಗೋಳ ಶಾಸ್ತ್ರಜ್ಞರು ಆ ಪುಸ್ತಕಗಳನ್ನು ೧೯೮೦ರ ದಶಕದಲ್ಲಿ ದಿನದಿನವೂ ಹೋಲಿಸಿ ನೋಡಿದರು. ಅವರಿಗೆ ಕಂಡದ್ದು ಸ್ವಾರಸ್ಯವಾಗಿದೆ. ಪುನರಾವರ್ತನೆ ಇತ್ತು, ನಿಜ. ಆದರೆ ಒಬ್ಬ ವ್ಯಕ್ತಿಗೆ ‘ಮಾದರಿ ದಿನ’ವೆಂಬುದು ಒಂದೇ ಇರಲಿಲ್ಲ. ಒಬ್ಬೊಬ್ಬರಿಗೂ ಹಲವು ಮಾದರಿ ದಿನಗಳಿದ್ದವು. ಅವು ಸರದಿಯಂತೆ ಬಂದು ಹೋಗುತ್ತಿದ್ದವು. ಒಂದು ದಿನವನ್ನು ಕೇಳಿ ತಿಳಿದರೆ ಆ ವ್ಯಕ್ತಿಯನ್ನು ತಿಳಿದಂತಾಗುವುದಿಲ್ಲ. ಒಂದು ವಾರವೂ ಸಾಲದೆ ಹೋಗಬಹುದು. ‘ದಿನದ ಹಾಗೆ’ ಎಂಬುದು ಸುಳ್ಳಲ್ಲ, ಅರ್ಧ ನಿಜ.

ಉಳಿದರ್ಧವನ್ನು ನೋಡಲು ಸ್ವೀಡನ್ನಿಗೆ ಹೋಗಬೇಕಾಗಿಲ್ಲ. ಬೀದರ, ಭಾಲ್ಕಿ, ಔರಾದಗಳಲ್ಲಿ ಬಾಳುವವರ ಓಡಾಟವನ್ನು ಒಂದರೊಳಗೊಂದು ತಿರುಗುವ ಮೂರು ಗಾಲಿಗಳೆಂದು ತಿಳಿಯೋಣ: ದಿನದ ಗಾಲಿ, ವಾರದ ಗಾಲಿ, ವರ್ಷದ ಗಾಲಿ.

ದಿನದ ಗಾಲಿಯನ್ನು ತಿರುಗಿಸುವವರು ಇಬ್ಬರು, ಸೂರ್ಯ ಮತ್ತು ಗಡಿಯಾರ. ಇವರಿಬ್ಬರಿಗೂ ಪೂರಾ ಹೊಂದಾಣಿಕೆಯಿಲ್ಲ. ಭಾರತದ ಗಡಿಯಾರ ೮೨½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಬೀದರ ಇರುವುದು ಸುಮಾರು ೭೭½ ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ನಡುನೆತ್ತಿಗೆ ಬರುವಾಗ ಗಡಿಯಾರ ಸರಾಸರಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತದೆ. ಇದಲ್ಲದೆ ಋತುವಿನ ವ್ಯತ್ಯಾಸವೂ ಉಂಟು. ಜೂನ್ ಕಡೆಯ ಭಾಗದಲ್ಲಿ ಇಲ್ಲಿ ಸೂರ್ಯೋದಯ ಸುಮಾರು ೫-೪೫ಕ್ಕೆ, ಸೂರ್ಯಾಸ್ತ ೭ಕ್ಕೆ ಸ್ವಲ್ಪ ಮೊದಲು. ಡಿಸೆಂಬರ್ ಕಡೆಯಲ್ಲಿ ಸೂರ್ಯೋದಯ ಸುಮಾರು ೬-೪೫ಕ್ಕೆ, ಸೂರ್ಯಾಸ್ತ ೬ಕ್ಕೆ ಮೊದಲು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಒಟ್ಟು ಎರಡು ಗಂಟೆಗಳ ಬೆಳಕಿನ ವ್ಯತ್ಯಾಸ.

ಹೊಲಕ್ಕೆ ಹೋಗುವವನು ಸೂರ್ಯನನ್ನು ಕೇಳಿ ಹೊರಡುತ್ತಾನೆ. ಅವನಿಗೆ ಇದರಿಂದ ತೊಂದರೆಯಿಲ್ಲ. ಕಾಲೇಜಿಗೆ ಹೋಗುವ ಹುಡುಗಿ ಗಡಿಯಾರವನ್ನು ಕೇಳಿ ಹೊರಡಬೇಕು. ಹಳ್ಳಿಯಿಂದ ಬೆಳಿಗ್ಗೆ ೬ ಗಂಟೆಗೆ ಬಸ್ಸೊಂದಿದೆ ಎಂದಿಟ್ಟುಕೊಳ್ಳೋಣ. ಜೂನ್ ತಿಂಗಳಲ್ಲಿ ಆಕೆ ಬೆಳಕಿನಲ್ಲಿ ನಡೆದು ಅದನ್ನು ಹಿಡಿಯುತ್ತಾಳೆ, ಡಿಸೆಂಬರಿನಲ್ಲಿ ಕತ್ತಲಲ್ಲಿ. ಸಂಜೆ ೬-೩೦ಕ್ಕೆ ಇಳಿದರೆ ಜೂನಿನಲ್ಲಿ ಇನ್ನೂ ಹೊತ್ತು ಮುಳುಗಿರುವುದಿಲ್ಲ. ಡಿಸೆಂಬರಿನಲ್ಲಿ ದೀಪ ಹಚ್ಚಿ ಎಷ್ಟೋ ಹೊತ್ತಾಗಿರುತ್ತದೆ. ವೇಳಾಪಟ್ಟಿಯ ಕಾಗದದ ಮೇಲೆ ಎರಡೂ ಒಂದೇ ಪ್ರಯಾಣ. “ಮಗಳನ್ನು ಕಳಿಸೋದು ಬ್ಯಾಡ” ಎಂದು ಒಂದು ಮನೆಯಲ್ಲಿ ತೀರ್ಮಾನವಾಗುವುದು ಡಿಸೆಂಬರಿನ ಪ್ರಯಾಣವನ್ನು ನೋಡಿ, ಜೂನಿನದನ್ನಲ್ಲ.

ವಾರದ ಗಾಲಿ ಬೇರೆ ಬಗೆಯದು. ಸೂರ್ಯನಿಗೆ ವಾರವೆಂಬುದು ಗೊತ್ತಿಲ್ಲ. ಅದು ಮನುಷ್ಯರೇ ಮಾಡಿಕೊಂಡ ಕಟ್ಟಳೆ. ಸಂತೆಯ ದಿನ ಹಳ್ಳಿಯವರು ಪೇಟೆಗೆ ಬರುತ್ತಾರೆ, ಪೇಟೆಯ ಕೂಲಿಗೆ ಅಂದು ಕೆಲಸ ಹೆಚ್ಚು. ಶುಕ್ರವಾರ ಮಧ್ಯಾಹ್ನ ಮಸೀದಿಗಳ ಕಡೆಗೆ ಜನ ಸಾಗುತ್ತಾರೆ. ಸೋಮವಾರ ಶಿವಾಲಯಗಳ ಕಡೆಗೆ. ನಗರದ ಗುರುನಾನಕ ಝೀರಾ ಗುರುದ್ವಾರಕ್ಕೆ ದೂರದ ಯಾತ್ರಿಕರು ಬಂದು ಹೋಗುತ್ತಾರೆ. ಈ ಗಾಲಿಯನ್ನು ಆಳುವವರು ಬದಲಾದರೆ ಗಾಲಿಯೂ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಭಾಗದಲ್ಲೇ ನಿದರ್ಶನವಿದೆ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಸರಕಾರಿ ಕಚೇರಿಗಳಿಗೆ ವಾರದ ರಜೆ ಶುಕ್ರವಾರವಿತ್ತು. ೧೯೪೮ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದ ತರುವಾಯ ರಜೆ ಭಾನುವಾರಕ್ಕೆ ಬಂತು. ಕಚೇರಿಯ ಬಾಗಿಲು ತೆರೆಯುವ ದಿನ ಬದಲಾದಾಗ ವಕೀಲರು, ಅರ್ಜಿದಾರರು, ಚಹಾದಂಗಡಿಯವರು, ಟಾಂಗಾದವರು, ಎಲ್ಲರ ವಾರವೂ ಅದರೊಡನೆ ಹೊರಳಬೇಕಾಯಿತು.

ವರ್ಷದ ಗಾಲಿ ನಿಧಾನವಾಗಿ ತಿರುಗುವುದರಿಂದ ಕಣ್ಣಿಗೆ ಬೀಳುವುದು ಕಡಿಮೆ. ಮುಂಗಾರಿನಲ್ಲಿ ತೊಗರಿ, ಉದ್ದು, ಹೆಸರು, ಸೋಯಾ ಬಿತ್ತನೆ. ಹಿಂಗಾರಿನಲ್ಲಿ ಜೋಳ, ಕಡಲೆ. ಕಬ್ಬು ಕಡಿಯುವ ಕಾಲದಲ್ಲಿ ರಸ್ತೆಯ ಮೇಲೆ ಕಬ್ಬಿನ ಗಾಡಿಗಳ ಸಾಲು. ಆಗ ಅರ್ಧ ಗಂಟೆಯ ದಾರಿ ಮುಕ್ಕಾಲು ಗಂಟೆಯಾಗುವುದು ಆಶ್ಚರ್ಯವಲ್ಲ. ಔರಾದದಲ್ಲಿ ಅಮರೇಶ್ವರನ ಜಾತ್ರೆ ಬಂದರೆ ತಾಲ್ಲೂಕಿನ ದಾರಿಗಳೆಲ್ಲ ಅತ್ತ ತಿರುಗುತ್ತವೆ. ಇವೆಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಎಳ್ಳಮಾವಾಸ್ಯೆ. ಮಾರ್ಗಶಿರದ ಆ ಅಮಾವಾಸ್ಯೆಯ ದಿನ ಬೀದರ ಜಿಲ್ಲೆಯ ಜನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ. ಎಂದಿಗೂ ಗಿಜಿಗುಟ್ಟುವ ಪೇಟೆಬೀದಿಗಳು ಅಂದು ಮಧ್ಯಾಹ್ನ ಬಿಕೋ ಎನ್ನುತ್ತವೆ. ಹೊರಗಿನಿಂದ ಬಂದ ಒಬ್ಬ ಲೆಕ್ಕಿಗ ಅಂದೇ ಬೀದರಿನ ಬೀದಿಯಲ್ಲಿ ನಿಂತು ತಲೆ ಎಣಿಸಿದರೆ ಈ ಊರಿನಲ್ಲಿ ಜನರೇ ಇಲ್ಲವೆಂದು ಬರೆದುಕೊಂಡು ಹೋದಾನು. ಒಂದು ದಿನದ ಲೆಕ್ಕಕ್ಕೆ ಅದು ಅಪವಾದ; ಹತ್ತು ವರ್ಷಗಳ ಲೆಕ್ಕಕ್ಕೆ ಅದೇ ನಿಯಮ. ಬದಲಾವಣೆ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಭಾಗ, ಇನ್ನೂ ಸ್ವಲ್ಪ ದೂರ ನಿಂತು ನೋಡಿದರೆ, ದೊಡ್ಡ ಗಾಲಿಯ ಪುನರಾವರ್ತನೆಯೇ ಆಗಿರುತ್ತದೆ.

ಗಾಲಿಗಳ ಮಾತು ಹೀಗಾಯಿತು. ಆದರೆ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ಒಬ್ಬರಿಗೆ ಸಾಧ್ಯವಾದ ಓಡಾಟ ಇನ್ನೊಬ್ಬರಿಗೆ ಏಕೆ ಸಾಧ್ಯವಾಗುವುದಿಲ್ಲ? ಈ ಪ್ರಶ್ನೆಗೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ಟಾರ್ಸ್ಟನ್ ಹೆಗರ್‌ಸ್ಟ್ರಾಂಡ್ ಎಂಬ ವಿದ್ವಾಂಸರು ೧೯೭೦ರಲ್ಲಿ ಒಂದು ಸರಳವಾದ ಉತ್ತರ ಕೊಟ್ಟರು. ಜನ ಎಲ್ಲಿಗೆ ಹೋದರು ಎಂದು ಮಾತ್ರ ನೋಡಬೇಡಿ, ಅವರು ಎಲ್ಲಿಗೆ ಹೋಗಬಲ್ಲರು ಎಂಬುದನ್ನು ನೋಡಿ ಎಂಬುದು ಅವರ ವಿಚಾರದ ತಿರುಳು. ನಮ್ಮ ಕಡೆಯ ದೃಷ್ಟಾಂತದಿಂದ ಇದನ್ನು ಹೇಳಬಹುದು. ಗೂಟಕ್ಕೆ ಕಟ್ಟಿದ ದೇವಣಿ ಎತ್ತು ಹಗ್ಗದ ಉದ್ದದಷ್ಟೇ ದೂರ ಮೇಯುತ್ತದೆ. ಮನುಷ್ಯನಿಗೂ ಗೂಟಗಳುಂಟು, ಆದರೆ ಅವು ಜಾಗದಲ್ಲಿ ಮಾತ್ರವಲ್ಲ, ಹೊತ್ತಿನಲ್ಲಿಯೂ ನೆಟ್ಟ ಗೂಟಗಳು. ಇಷ್ಟು ಗಂಟೆಗೆ ಇಲ್ಲಿರಲೇಬೇಕು ಎಂಬುದು ಒಂದು ಗೂಟ. ಎರಡು ಗೂಟಗಳ ನಡುವೆ ಎಷ್ಟು ಹೊತ್ತಿದೆ, ಕೈಯಲ್ಲಿ ಯಾವ ವಾಹನವಿದೆ, ಇವೆರಡೂ ಸೇರಿ ಹಗ್ಗದ ಉದ್ದವನ್ನು ನಿರ್ಧರಿಸುತ್ತವೆ.

ಕಟ್ಟುಗಳು ಮೂರು ಬಗೆ ಎಂದು ಅವರು ವಿಂಗಡಿಸಿದರು. ಮೊದಲನೆಯದು ಶಕ್ತಿಯ ಕಟ್ಟು: ನಿದ್ದೆ ಬೇಕು, ಊಟ ಬೇಕು, ಕಾಲು ನಡೆಯುವಷ್ಟೇ ನಡೆದೀತು. ಎರಡನೆಯದು ಜೊತೆಯ ಕಟ್ಟು: ಶಿಕ್ಷಕನೂ ಮಕ್ಕಳೂ, ವೈದ್ಯನೂ ರೋಗಿಯೂ ಒಂದೇ ಹೊತ್ತಿಗೆ ಒಂದೇ ಕಡೆ ಕೂಡಬೇಕು. ಮೂರನೆಯದು ಅಧಿಕಾರದ ಕಟ್ಟು: ಕಚೇರಿಯ ಬಾಗಿಲು ಇಂತಿಷ್ಟು ಹೊತ್ತಿಗೆ ಮುಚ್ಚುತ್ತದೆ, ಈ ಗಡಿಯಾಚೆಗೆ ಬೇರೆ ನಿಯಮ.

ಮೂರನೆಯ ಕಟ್ಟನ್ನು ಬೀದರ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ೧೯೫೬ರ ನವೆಂಬರ್ ೧ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಅದೇ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿದವು. ಕಚೇರಿಯ ದಾರಿ ಒಂದು ದಿನದಲ್ಲಿ ಬದಲಾಯಿತು. ಬೀಗರ ಮನೆಯ ದಾರಿ, ದನದ ಸಂತೆಯ ದಾರಿ ಹಾಗೆ ಬದಲಾಗಲಿಲ್ಲ. ಇಂದಿಗೂ ಔರಾದ ಕಡೆಯ ಒಂದು ಮನೆಯವರ ಒಂದು ತಿಂಗಳ ಓಡಾಟದಲ್ಲಿ ಮೂರು ರಾಜ್ಯಗಳ ಹೆಸರು ಬಂದರೆ ಯಾರೂ ಅಚ್ಚರಿಪಡುವುದಿಲ್ಲ.

ಈಗ ಒಂದು ದಿನವನ್ನು ಲೆಕ್ಕ ಹಾಕಿ ನೋಡೋಣ. ಔರಾದದ ಒಬ್ಬ ತಾಯಿ ಬೀದರಿನ ಆಸ್ಪತ್ರೆಗೆ ಹೋಗಬೇಕಾಗಿದೆ ಎಂದು ಊಹಿಸಿಕೊಳ್ಳಿ. ದೂರ ಸುಮಾರು ೪೦ ಕಿಲೋಮೀಟರು. ಅಡಿಗೆ ಮುಗಿಸಿ ಮಕ್ಕಳನ್ನು ಶಾಲೆಗೆ ಕಳಿಸಿ ಆಕೆ ಕೈ ತೊಳೆಯುವಾಗ ೯ ಗಂಟೆ. ಇದು ಮೊದಲ ಗೂಟ. ಮಕ್ಕಳು ಮರಳುವ ೪-೩೦ಕ್ಕೆ ಮನೆಯಲ್ಲಿರಬೇಕು. ಇದು ಎರಡನೆಯ ಗೂಟ. ನಡುವೆ ಏಳೂವರೆ ಗಂಟೆ. ಬಸ್ಸಿಗೆ ಕಾಯುವುದು, ಕುಳಿತು ಹೋಗುವುದು, ಇಳಿದು ಆಸ್ಪತ್ರೆ ಮುಟ್ಟುವುದು, ಎಲ್ಲ ಸೇರಿ ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ ಎಂದಿಡೋಣ. ಉಳಿದದ್ದು ಮೂರೂವರೆ ಗಂಟೆ. ಆಕೆ ಮುಟ್ಟುವುದೇ ೧೧ ಗಂಟೆಗೆ. ಚೀಟಿಯ ಸಾಲು, ವೈದ್ಯರ ಕೋಣೆಯ ಮುಂದಿನ ಸಾಲು, ರಕ್ತ ಪರೀಕ್ಷೆಯ ಸಾಲು, ಇಷ್ಟರಲ್ಲಿ ೨-೩೦ ಆಗಿರುತ್ತದೆ. “ವರದಿ ನಾಳೆ ಸಿಗ್ತದ, ನಾಳೆ ಬರ್ರಿ ಅಕ್ಕಾ” ಎಂದು ಕಿಟಕಿಯಾಚೆಯವರು ಹೇಳಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಆ ಒಂದು ಮಾತಿನ ಬೆಲೆ ಇನ್ನೊಂದು ಏಳೂವರೆ ಗಂಟೆ. ನಾಳೆ ಕೂಲಿಯ ದಿನವಾಗಿದ್ದರೆ, ಅಥವಾ ನಲ್ಲಿಗೆ ನೀರು ಬಿಡುವ ದಿನವಾಗಿದ್ದರೆ, ಆಕೆ ಬರುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಅಸಡ್ಡೆಯೆಂದು ಜನ ಆಡಿಕೊಳ್ಳುತ್ತಾರೆ. ನಿಜವಾಗಿ ಅದು ಹಗ್ಗ ಸಾಲದ ಸಂಗತಿ.

ಇದೇ ದೂರ ಭಾಲ್ಕಿಯವರಿಗೆ ಬೇರೆ ರೀತಿ. ಭಾಲ್ಕಿಯಿಂದ ಬೀದರಿಗೂ ಹೆಚ್ಚು ಕಡಿಮೆ ೪೦ ಕಿಲೋಮೀಟರೇ. ಆದರೆ ವಿಕಾರಾಬಾದದಿಂದ ಪರಳಿಗೆ ಹೋಗುವ ರೈಲು ಹಾದಿಯಲ್ಲಿ ಈ ಎರಡು ಊರುಗಳೂ ಇವೆ. ಬಸ್ಸು ತಪ್ಪಿದರೆ ರೈಲು, ರೈಲು ತಪ್ಪಿದರೆ ಬಸ್ಸು ಎಂಬ ಅನುಕೂಲ ಅವರಿಗುಂಟು. ಔರಾದ ಪಟ್ಟಣಕ್ಕೆ ರೈಲಿಲ್ಲ. ೨೦೧೭ರ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲು ಹಾದಿ ಉದ್ಘಾಟನೆಯಾಗುವ ತನಕ ಬೀದರಿನವರು ರೈಲಿನಲ್ಲಿ ಕಲಬುರಗಿಗೆ ಹೋಗಬೇಕಾದರೆ ವಿಕಾರಾಬಾದದ ಕಡೆಯಿಂದ ಸುತ್ತಬೇಕಾಗಿತ್ತು. ಹಳಿ ನೇರವಾದಾಗ ಊರುಗಳ ನಡುವಿನ ನೆಲ ಕುಗ್ಗುವುದಿಲ್ಲ, ಹಗ್ಗ ಉದ್ದವಾಗುತ್ತದೆ.

ಹಣವೂ ಹಗ್ಗದ ಒಂದು ಎಳೆ. ೨೦೨೩ರ ಜೂನ್ ೧೧ರಿಂದ ಕರ್ನಾಟಕದ ಹೆಂಗಸರಿಗೆ ರಾಜ್ಯದೊಳಗೆ ಸರಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಪ್ರಯಾಣ ಮಾಡುವ ಅವಕಾಶ ‘ಶಕ್ತಿ’ ಯೋಜನೆಯಿಂದ ಬಂತು. ನಮ್ಮ ಊಹೆಯ ತಾಯಿಗೆ ಇದರಿಂದ ಎರಡನೆಯ ದಿನದ ಬಸ್ಸಿನ ಖರ್ಚು ಉಳಿಯಿತು; ಇದು ಸಣ್ಣ ಮಾತಲ್ಲ. ಆದರೆ ಎರಡನೆಯ ದಿನದ ಏಳೂವರೆ ಗಂಟೆಗಳನ್ನು ಯಾವ ಟಿಕೇಟೂ ತಂದುಕೊಡಲಾರದು.

ಆ ಗಂಟೆಗಳು ಎಲ್ಲಿ ಹೋಗುತ್ತವೆ ಎಂಬುದಕ್ಕೆ ದೇಶದ ಲೆಕ್ಕವೇ ಇದೆ. ೨೦೧೯ರಲ್ಲಿ ಕೇಂದ್ರದ ಸಂಖ್ಯಾಶಾಸ್ತ್ರ ಕಚೇರಿಯವರು ೧,೩೮,೦೦೦ಕ್ಕೂ ಹೆಚ್ಚು ಮನೆಗಳಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿದರು. ಬೆಳಗಿನ ಜಾವ ೪ರಿಂದ ಮರುದಿನ ಬೆಳಗಿನ ಜಾವ ೪ರ ತನಕ, ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಎಂದು ಕೇಳಿ ಬರೆದುಕೊಂಡರು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ ೨೯೯ ನಿಮಿಷ ಕೊಡುತ್ತಿದ್ದರು. ಅಂಥ ಕೆಲಸ ಮಾಡುವ ಗಂಡಸರು ೯೭ ನಿಮಿಷ. ೨೦೨೪ರ ಸಮೀಕ್ಷೆಯಲ್ಲಿ ಇವು ೨೮೯ ಮತ್ತು ೮೮ ಆದವು. ಸುಮಾರು ಐದು ಗಂಟೆಗಳ ಈ ಕೆಲಸ ಒಂದೇ ಗಂಟಿನಲ್ಲಿ ಬರುವುದಿಲ್ಲ. ಬೆಳಿಗ್ಗೆ ಸ್ವಲ್ಪ, ಮಧ್ಯಾಹ್ನ ಸ್ವಲ್ಪ, ಸಂಜೆ ಬಹಳ, ಹೀಗೆ ಹರಡಿ ಬರುತ್ತದೆ. ಹರಡಿದಷ್ಟೂ ಗೂಟಗಳು ಹೆಚ್ಚು. ಗೂಟಗಳು ಹೆಚ್ಚಿದಷ್ಟೂ ಹಗ್ಗ ಮೋಟು.

ಆ ಸಮೀಕ್ಷೆ ವರ್ಷವಿಡೀ, ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ದಿನಗಳಂದು ನಡೆದದ್ದರಿಂದ ದೇಶದ ಸರಾಸರಿಗೆ ಅದು ಸಾಕು. ಒಬ್ಬೊಬ್ಬರ ದಿನಗಳು ಹೇಗೆ ಸರದಿಯಾಗಿ ಬದಲಾಗುತ್ತವೆಂಬುದನ್ನು ಒಂದು ದಿನದ ಪ್ರಶ್ನೆ ಹೇಳಲಾರದು. ೨೦೧೧ರ ಜನಗಣತಿಯಲ್ಲಿಯೂ ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರಿ ಎಂದು ಕೇಳಲಾಯಿತು. ಆದರೆ ಆ ಪ್ರಶ್ನೆ ಬೇಸಾಯದವರಿಗೂ ಹೊಲದ ಕೂಲಿಯವರಿಗೂ ಮನೆಯೊಳಗಿನ ಕಸುಬಿನವರಿಗೂ ಇರಲಿಲ್ಲ. ಗೋಪುರದ ಲೆಕ್ಕದಲ್ಲಿ ನಿಶ್ಚಲಳಾಗಿ ಕಂಡ ಮಂಗಲಪೇಟೆಯ ಗೃಹಿಣಿ ಇಲ್ಲಿಯೂ ಲೆಕ್ಕದಿಂದ ಹೊರಗೇ ಉಳಿದಳು. ಔರಾದದ ಹೊಲದ ಕೂಲಿಕಾರನ ನಡಿಗೆಯೂ ಉಳಿಯಿತು. ಹೆಚ್ಚು ಕಟ್ಟುಗಳಿರುವವರು ಯಾರೋ, ಕಡಿಮೆ ಎಣಿಸಲ್ಪಡುವವರೂ ಅವರೇ ಎಂಬುದು ಈ ವಿಷಯದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಹಾಗಾದರೆ ಮಾಡಬಹುದಾದದ್ದೇನು? ಉಪ್ಸಾಲಾದ ಮನೆಯವರು ಮಾಡಿದ್ದನ್ನು ನಾವೂ ಮಾಡಬಹುದು; ಖರ್ಚು ಒಂದು ನೋಟ್‌ಬುಕ್ಕಿನದು. ಮನೆಯ ಪ್ರತಿಯೊಬ್ಬರ ಹೆಸರಿಗೂ ಒಂದು ಪುಟ. ಹೊರಟ ಹೊತ್ತು, ಹೋದ ಜಾಗ, ಹೋದ ಬಗೆ, ಕಾದ ಹೊತ್ತು, ಮರಳಿದ ಹೊತ್ತು, ಐದೇ ಕಾಲಮು. ಜೊತೆಗೆ ಇನ್ನೊಂದನ್ನೂ ಬರೆಯಬೇಕು: ಹೋಗಬೇಕೆಂದಿದ್ದು ಹೋಗಲಾಗದ ಜಾಗ, ಮತ್ತು ಅದಕ್ಕೆ ಕಾರಣ. ಯಾವ ಗೋಪುರವೂ ದಾಖಲಿಸಲಾರದ ಸಂಗತಿ ಇದು. ಐದು ವಾರವಾಗದಿದ್ದರೆ ಎರಡು ವಾರವಾದರೂ ಆಗಲಿ. ಅದರಲ್ಲಿ ಸಂತೆ ಬರಲಿ, ರಜೆ ಬರಲಿ, ಒಂದು ಮದುವೆಯೋ ಅಮಾವಾಸ್ಯೆಯೋ ಬರಲಿ. ಬರೆದದ್ದನ್ನು ಒಂದು ಸಂಜೆ ಎಲ್ಲರೂ ಕುಳಿತು ಓದಿದರೆ ಮನೆಯಲ್ಲಿ ಯಾರಿಗೆ ಎಷ್ಟು ಗೂಟಗಳಿವೆ ಎಂಬುದು ಕಾಣಿಸುತ್ತದೆ. ವಾರಕ್ಕೆ ಎರಡು ದಿನ ಮಗುವನ್ನು ಶಾಲೆಯಿಂದ ಕರೆತರುವ ಕೆಲಸವನ್ನು ಅಜ್ಜನೋ ಕಾಕಾನೋ ವಹಿಸಿಕೊಂಡರೆ ಒಬ್ಬ ತಾಯಿಯ ಹಗ್ಗ ಔರಾದದಿಂದ ಬೀದರಿನ ತನಕ ಮುಟ್ಟೀತು.

ಮನೆಯಾಚೆಗೂ ಇದು ಉಪಯೋಗಕ್ಕೆ ಬರುತ್ತದೆ. “ನಮ್ಮೂರಿಗೆ ಬಸ್ಸು ಬೇಕು” ಎಂಬ ಅರ್ಜಿ ಡಿಪೋಕ್ಕೂ ಗ್ರಾಮಸಭೆಗೂ ಬಹಳ ಬರುತ್ತಿರುತ್ತದೆ. “ಡಿಸೆಂಬರಿನಲ್ಲಿ ಬೆಳಗಿನ ಬಸ್ಸು ಅರ್ಧ ಗಂಟೆ ತಡವಾಗಿ ಹೊರಟರೆ ನಮ್ಮ ಓಣಿಯ ಹತ್ತು ಮಂದಿ ವಿದ್ಯಾರ್ಥಿನಿಯರು ಕತ್ತಲಲ್ಲಿ ನಿಲ್ಲಬೇಕಾಗಿಲ್ಲ, ಇಗೋ ನಾಲ್ಕು ವಾರಗಳ ದಾಖಲೆ” ಎಂಬ ಅರ್ಜಿ ಅಪರೂಪ. ವೇಳಾಪಟ್ಟಿ ಮಾಡುವವರೂ ಒಳ್ಳೆಯದನ್ನೇ ಮಾಡಬೇಕೆಂದಿರುತ್ತಾರೆ. ಅವರ ಮುಂದೆ ಒಂದೇ ದಿನದ ಲೆಕ್ಕವಿದ್ದರೆ ಒಂದೇ ದಿನಕ್ಕೆ ಹೊಂದುವ ಪಟ್ಟಿ ಮಾಡುತ್ತಾರೆ.

ಬೀದರಿನ ಹಳೆಯ ಊರಿನ ನಡುವೆ, ಮುಖ್ಯ ರಸ್ತೆಗಳು ಕೂಡುವಲ್ಲಿ, ಸುಮಾರು ಎಪ್ಪತ್ತು ಅಡಿ ಎತ್ತರದ ಚೌಬಾರಾ ನಿಂತಿದೆ. ಅದರ ಮೇಲೆ ನಿಂತವರಿಗೆ ನಾಲ್ಕು ದಿಕ್ಕಿನಿಂದ ಬರುವವರೂ ಕಾಣುತ್ತಾರೆ. ಆದರೆ ಮನೆಯಿಂದ ಹೊರಡಲಾಗದೆ ಉಳಿದವರು ಕಾಣುವುದಿಲ್ಲ. ಅವರನ್ನು ನಮ್ಮ ನೋಟ್‌ಬುಕ್ಕಿನ ಆ ಕಡೆಯ ಕಾಲಮಿನಲ್ಲಿ ಮಾತ್ರ ಕಾಣಬಹುದು. ನಾಳೆ ಬೆಳಗಿನ ವಾರ್ತೆ ಮುಗಿದ ಮೇಲೆ ಮೊದಲ ಸಾಲನ್ನು ಬರೆಯಬಹುದು.